ಬಾಯಿ ಮಾತ್ರ ಮನೆಯಿಂದ ತರಬೇಕು

ಹೋಟೆಲಿನಲ್ಲಿ ಅವಳಿಗೆ ಮಹಡಿಯಕ್ಕ ಎಂದೇ ಹೆಸರು. ಮೂರನೆಯ ಮಹಡಿಯ ಅಷ್ಟೂ ಕೋಣೆಗಳು ಅವಳು ಮದುವೆಯಾದ ಹೊಸತರಲ್ಲಿ ಅವಳ ಪಾಲಿಗೆ ಬಂದಿದ್ದವು, ಮಗಳು ಕಾಲೇಜಿನ ಕೊನೆಯ ವರ್ಷಕ್ಕೆ ಬಂದಾಗಲೂ ಅವಳ ಪಾಲಿಗೇ ಇದ್ದವು. ಹಾಸಿಗೆಯ ಚಾದರದ ಮೂಲೆ ಮಡಚಿ ಒಳಕ್ಕೆ ತುರುಕುವುದು, ಬಚ್ಚಲಿನ ಜಾಲರಿಯಿಂದ ಯಾರದೋ ಕೂದಲು ಎಳೆದು ತೆಗೆಯುವುದು, ನಲ್ಲಿಯ ಮೇಲೆ ಒಂದು ಹನಿಯ ಗುರುತೂ ಉಳಿಯದಂತೆ ಒಣಬಟ್ಟೆಯಲ್ಲಿ ಉಜ್ಜುವುದು. ಮೇಲ್ವಿಚಾರಕಿ ಬಂದು ಬಾಗಿಲ ಚೌಕಟ್ಟಿನ ನೆತ್ತಿಯ ಮೇಲೆ ಬೆರಳಾಡಿಸಿ ನೋಡುತ್ತಿದ್ದಳು. ಬೆರಳು ಹೇಗೆ ಹೋಗಿತ್ತೋ ಹಾಗೇ ವಾಪಸ್ಸು ಬರುತ್ತಿತ್ತು. ಯಾರಾದರೂ ನೋಡುವ ಮೊದಲು ಒರೆಸಿಬಿಡಬೇಕು ಎನ್ನುವುದು ಮಹಡಿಯಕ್ಕನ ರಕ್ತಕ್ಕೆ ಇಳಿದುಹೋಗಿತ್ತು.

ಮನೆಗೆ ಬಂದ ಮೇಲೂ ಅದೇ ಕೆಲಸ. ಹೋಟೆಲಿನಲ್ಲಿ ಸಂಬಳವಿತ್ತು, ಮನೆಯಲ್ಲಿ ಇರಲಿಲ್ಲ, ಅಷ್ಟೇ. ಗಂಡ ಕಟ್ಟಡಗಳಿಗೆ ಬಣ್ಣ ಹೊಡೆಯುವವನು. ಒಳ್ಳೆಯವನೇ. ಕುಡಿಯುವವನಲ್ಲ, ಕೈ ಮಾಡುವವನಲ್ಲ. ಆದರೆ ತಾನು ಚಹಾ ಕುಡಿದಿಟ್ಟ ಲೋಟ ತಾನಾಗಿ ಎದ್ದು ಹೋಗಿ ತೊಳೆದುಕೊಂಡು ಬರುತ್ತದೆ ಎಂದು ಇಷ್ಟು ವರ್ಷ ನಂಬಿಕೊಂಡು ಬಂದಿದ್ದ.

ಅವರ ಜನ ಆ ಊರಿನಲ್ಲಿ ಬೆರಳೆಣಿಕೆಯಷ್ಟು. ಮನೆಮಾತು ಬೇರೆ, ಬೀದಿಯ ಮಾತು ಬೇರೆ. ದೊಡ್ಡ ಕಟ್ಟಡಗಳೊಳಗೆ ಅವರು ಹೋಗುತ್ತಿದ್ದದ್ದು ಹೆಚ್ಚಾಗಿ ಹಿಂಬಾಗಿಲಿನಿಂದ, ಕೈಯಲ್ಲಿ ಬಕೆಟ್ ಹಿಡಿದು. ಹಲ್ಲಿನ ಕಾಲೇಜಿಗೆ ಮುಂಬಾಗಿಲಿನಿಂದ, ಪುಸ್ತಕ ಹಿಡಿದು ಹೋದವಳೆಂದರೆ ಮಹಡಿಯಕ್ಕನ ಮಗಳೇ ಮೊದಲು. ಅಲ್ಪಸಂಖ್ಯಾತರ ಮಕ್ಕಳೂ ಆಸ್ಪತ್ರೆಯ ಕೆಲಸಗಳಿಗೆ ಬರಲಿ ಎಂದು ಕಾಲೇಜಿನವರು ಒಂದು ಯೋಜನೆ ಮಾಡಿದ್ದರು. ಸೀಟು, ಶುಲ್ಕ, ಪುಸ್ತಕ, ಬಿಳಿ ಕೋಟು, ಅರ್ಥವಾಗದ ಪಾಠವನ್ನು ಸಂಜೆ ಇನ್ನೊಮ್ಮೆ ಹೇಳಿಕೊಡಲು ಒಬ್ಬ ಮೇಡಂ, ಎಲ್ಲ ಅದರಲ್ಲೇ. ಡಾಕ್ಟರ್ ಓದಲ್ಲ, ಹಲ್ಲು ಶುಚಿ ಮಾಡುವ, ವಸಡು ನೋಡಿಕೊಳ್ಳುವ ಕೋರ್ಸು. ಆದರೂ ಗಂಡ ಬಣ್ಣದ ಕೆಲಸಕ್ಕೆ ಹೋದಲ್ಲೆಲ್ಲ "ನಮ್ಮ ಡಾಕ್ಟರಮ್ಮ" ಎಂದೇ ಹೇಳಿಕೊಂಡು ಬರುತ್ತಿದ್ದ. ಮಕ್ಕಳ ಆಸ್ಪತ್ರೆಯೊಂದರಲ್ಲಿ ಮಗಳಿಗೆ ಕೆಲಸವೂ ನಿಕ್ಕಿಯಾಗಿತ್ತು. ಕೊನೆಯದೊಂದು ಪರೀಕ್ಷೆ ಪಾಸಾದರೆ ಸಾಕು.

ಆ ಪರೀಕ್ಷೆಗೆ ರೋಗಿಯನ್ನು ವಿದ್ಯಾರ್ಥಿಯೇ ಕರೆತರಬೇಕಿತ್ತು. ಯಾವುದೋ ಒಂದು ಬಾಯಿಯಾದರೆ ನಡೆಯದು. ಹಲ್ಲಿನ ಬುಡದಲ್ಲಿ ವರ್ಷಗಟ್ಟಲೆ ಕೂತು ಕಲ್ಲಾದ ಪಾಚಿ ಇರಬೇಕು. ಪರೀಕ್ಷಕರು ಮೊದಲು ಬಾಯಿ ನೋಡಿ, ಪಾಚಿ ಸಾಕಷ್ಟಿದೆ ಎಂದು ಒಪ್ಪಿದ ಮೇಲೆಯೇ ವಿದ್ಯಾರ್ಥಿ ಉಪಕರಣ ಮುಟ್ಟಬೇಕು.

"ಯೋಜನೆಯವರು ಎಲ್ಲಾ ಕೊಟ್ರು, ಬಾಯಿ ಮಾತ್ರ ಮನೆಯಿಂದ ತರಬೇಕಂತೆ," ಎಂದಳು ಮಗಳು, ಅಡುಗೆಮನೆಯ ಕಟ್ಟೆಗೆ ಒರಗಿಕೊಂಡು.

"ಅದಕ್ಯಾಕೆ ಮುಖ ಇಳಿಸ್ಕೊಂಡಿದೀಯಾ? ನಾನಿಲ್ವಾ?" ಎಂದು ಅಪ್ಪ ಅಲ್ಲೇ ಬಾಯಿ ತೆರೆದು ನಿಂತ.

ಮಗಳು ಟಾರ್ಚು ಬಿಟ್ಟು ನೋಡಿದಳು. "ಅಪ್ಪಾ, ನಿನ್ನ ಬಾಯಲ್ಲಿ ಹಲ್ಲಿಗಿಂತ ಕಿಟಕಿಗಳೇ ಜಾಸ್ತಿ."

"ಗಾಳಿ ಬೆಳಕು ಬೇಡ್ವೇ ಮರಿ?"

ಪಾತ್ರೆ ಉಜ್ಜುತ್ತಿದ್ದ ಮಹಡಿಯಕ್ಕನಿಗೆ ನಗು ತಡೆಯಲಿಲ್ಲ. ನೊರೆ ಮೆತ್ತಿದ ಕೈಯನ್ನೇ ಬಾಯಿಗೆ ಅಡ್ಡ ಹಿಡಿದು ನಕ್ಕಳು. ಅವಳು ನಗುತ್ತಿದ್ದದ್ದೇ ಹಾಗೆ, ಯಾವಾಗಲೂ. ಮಗಳು ತಿರುಗಿ ನೋಡಿದಳು, ಇಷ್ಟು ವರ್ಷ ನೋಡಿಯೇ ಇರಲಿಲ್ಲ ಎಂಬಂತೆ.

"ಅಮ್ಮಾ, ಕೈ ತೆಗಿ."

"ಹೋಗೇ. ನನ್ನ ಬಾಯಲ್ಲೇನಿದೆ ನೋಡೋಕೆ?"

"ತೆಗಿ ಅಂದ್ನಲ್ಲ."

ಮಹಡಿಯಕ್ಕನ ಬಾಯೊಳಗೆ ಅಲ್ಲಿಯವರೆಗೆ ಯಾರೂ ಇಣುಕಿರಲಿಲ್ಲ. ಆ ಮನೆಯಲ್ಲಿ ಹಲ್ಲುನೋವಿಗೂ ಸರದಿಯಿತ್ತು. ಗಂಡನ ದವಡೆ ಊದಿಕೊಂಡಾಗ ಅವನನ್ನು ಕರೆದೊಯ್ದರು, ಮಗಳ ಹಾಲುಹಲ್ಲು ಹುಳುಕಾದಾಗ ಮಗಳನ್ನು. ಮಹಡಿಯಕ್ಕನ ಸರದಿ ಬಂದಾಗ ಮಾತ್ರ ರಜೆ ಸಿಗುತ್ತಿರಲಿಲ್ಲ, ಇಲ್ಲವೇ ಒಲೆಯ ಮೇಲೆ ಏನೋ ಇರುತ್ತಿತ್ತು. ಅವಳು ಒಂದು ಲವಂಗ ಕಚ್ಚಿ, ಕೆನ್ನೆಗೆ ಅಂಗೈ ಒತ್ತಿಕೊಂಡು, ನೋವಿಗೇ "ಆಮೇಲೆ ಬಾ" ಎಂದು ಹೇಳಿ ಕಳಿಸುತ್ತಿದ್ದಳು. ಅದೂ ಪಾಪ ಹೇಳಿದ ಮಾತು ಕೇಳಿ ಹೋಗುತ್ತಿತ್ತು.

ಈಗ ಮಗಳು ಅವಳನ್ನು ಮೊಣಕಾಲೆತ್ತರದ ಸ್ಟೂಲಿನ ಮೇಲೆ ಕೂರಿಸಿ, ತುಟಿ ಸರಿಸಿ, ಪುಟ್ಟ ಕನ್ನಡಿ ಒಳಗಿಟ್ಟು ನೋಡಿ ಕೂಗಿಯೇಬಿಟ್ಟಳು.

"ಅಮ್ಮಾ! ಇದು ಬಾಯಲ್ಲ, ಖಜಾನೆ! ಇಂಥದ್ದು ಕ್ಲಾಸಲ್ಲಿ ಯಾರಿಗೂ ಸಿಕ್ಕಿರಲ್ಲ!"

ಇದು ಹೊಗಳಿಕೆಯೋ ಬೈಗುಳವೋ ಮಹಡಿಯಕ್ಕನಿಗೆ ತಿಳಿಯಲಿಲ್ಲ. ಆದರೆ ಮಗಳ ಮುಖ ಅರಳಿತ್ತು. ಅಷ್ಟು ಸಾಕಾಯಿತು. ಎರಡನೆಯ ಮಹಡಿಯವಳ ಹತ್ತಿರ ಕೆಲಸದ ದಿನ ಅದಲುಬದಲು ಮಾಡಿಕೊಂಡಳು. ಪರೀಕ್ಷೆಯ ಹಿಂದಿನ ದಿನವೇ ಮರುದಿನದ ಅಡುಗೆಗೆ ಬೇಕಾದದ್ದೆಲ್ಲ ಹೆಚ್ಚಿಟ್ಟಳು, ಗಂಡನಿಗೆ ಯಾವುದು ಎಲ್ಲಿದೆ ಎಂದು ತೋರಿಸಿದಳು. "ಇಷ್ಟಕ್ಕೆ ಊರು ಬಿಟ್ಟು ಹೋಗೋರ ಥರ ಮಾಡ್ತೀಯಲ್ಲ," ಎಂದ ಅವನು. "ನೀನು ಉಪ್ಪಿನ ಡಬ್ಬ ಹುಡುಕೋಕೆ ಊರು ಸುತ್ತಬಾರ್ದಲ್ಲ, ಅದಕ್ಕೆ," ಎಂದಳು.

ಅವತ್ತು ಸಂಜೆ ಬಟ್ಟೆ ಇಸ್ತ್ರಿ ಮಾಡುವಾಗ ಅವಳಿಗೆ ಒಂದು ಯೋಚನೆ ಬಂತು, ಬಂದದ್ದು ಹೋಗಲಿಲ್ಲ. ನಾಳೆ ದೊಡ್ಡ ದೊಡ್ಡ ಪರೀಕ್ಷಕರು ದೀಪ ಹಾಕಿ ತನ್ನ ಬಾಯಿ ನೋಡುತ್ತಾರೆ. ನೋಡಿ, ತಲೆಯೆತ್ತಿ ಮಗಳ ಮುಖ ನೋಡುತ್ತಾರೆ. ಇಂಥ ಬಾಯಿಯವರ ಮನೆಯಿಂದ ಬಂದವಳೋ ಇವಳು, ಹಲ್ಲು ಶುಚಿ ಮಾಡಲಿಕ್ಕೆ! ಬಾಯಿಬಿಟ್ಟು ಯಾರೂ ಅನ್ನುವುದಿಲ್ಲ. ಅನ್ನದೆ ಅನ್ನುವುದು ಹೇಗಿರುತ್ತದೆಂದು ಅವಳಿಗೆ ಗೊತ್ತಿತ್ತು.

ಬಚ್ಚಲಿನ ಚಿಲಕ ಹಾಕಿಕೊಂಡಳು. ಮೊದಲು ಉಪ್ಪು ಹಾಕಿ ಉಜ್ಜಿದಳು. ಅದಕ್ಕೆಲ್ಲ ಜಗ್ಗುವ ಪಾಚಿಯಲ್ಲ. ಆಮೇಲೆ ಬಟ್ಟೆಯಿಂದ ಪಿನ್ನು ಬಿಚ್ಚಿ ಕನ್ನಡಿಯ ಮುಂದೆ ನಿಂತಳು. ಮುಂದಿನ ಹಲ್ಲುಗಳದಷ್ಟೇ ತೆಗೆಯುವುದು ಅವಳ ಲೆಕ್ಕ. ಮುಂದಿನದು ನೋಡುವವರಿಗೆ, ಹಿಂದಿನದೆಲ್ಲ ಮಗಳಿಗೆ. ಹೋಟೆಲಿನ ಹೆಂಚುಗಳ ಸಂದಿಯಿಂದ ಕೊಳೆ ಎಬ್ಬಿಸಿದ ಕೈ ಅದು. ಚಕ್ಕೆಚಕ್ಕೆಯಾಗಿ ಎದ್ದು ಬಂತು. ಉಗುಳಿದ ನೀರು ಕೆಂಪಗಿತ್ತು. ತೊಟ್ಟಿಯನ್ನೂ ಒರೆಸಿ ಹೊರಗೆ ಬಂದಳು. ಬಾಯಿ ಧಗಧಗ ಉರಿಯುತ್ತಿದ್ದರೂ ಮನಸ್ಸಿಗೆ ನೆಮ್ಮದಿಯಾಗಿತ್ತು.

ಮರುದಿನ ಬೆಳಿಗ್ಗೆ, ಇದ್ದುದರಲ್ಲಿ ಒಳ್ಳೆಯ ಬಟ್ಟೆ ಉಟ್ಟು, ಕಾಲೇಜಿನ ಉದ್ದನೆಯ ಕುರ್ಚಿಯಲ್ಲಿ ಅಂಗಾತ ಮಲಗಿದಳು. ಸಾಲಾಗಿ ಅಂಥ ಕುರ್ಚಿಗಳು, ಪ್ರತಿಯೊಂದರ ಪಕ್ಕದಲ್ಲೂ ಬಿಳಿ ಕೋಟಿನ ಒಂದು ಹೆದರಿದ ಮುಖ. ಪರೀಕ್ಷಕರು ಬಂದರು, ದೀಪ ಎಳೆದರು, ಬಾಗಿದರು.

"ಮುಂದಿನ ವಸಡೆಲ್ಲ ಹೊಸ ಗಾಯ. ಯಾರು ಕೆರೆದದ್ದು ಇದನ್ನ?"

ಮಗಳು ಬಾಗಿ ನೋಡಿದಳು. ಮುಖವಸ್ತ್ರದ ಮೇಲೆ ಕಣ್ಣುಗಳಷ್ಟೇ ಕಾಣುತ್ತಿದ್ದವು. ಅವು ದೊಡ್ಡದಾದವು.

"ಗಾಯದ ಬಾಯಿಗೆ ಉಪಕರಣ ಹಾಕೋ ಹಾಗಿಲ್ಲ. ಇವರು ಆಗಲ್ಲ," ಎಂದು ಪರೀಕ್ಷಕರು ಕೈಗವಸು ಕಳಚಿ ಮುಂದಿನ ಕುರ್ಚಿಗೆ ಹೋದರು.

ಮಹಡಿಯಕ್ಕ ಎದ್ದು ಕೂತಳು. ಮಗಳು ಬೈಯುತ್ತಾಳೆ ಎಂದುಕೊಂಡಳು. ಬೈದಿದ್ದರೆ ಚೆನ್ನಾಗಿತ್ತು.

"ನೋವಾಯ್ತೇನಮ್ಮಾ?" ಎಂದಳು ಮಗಳು.

"ಇಲ್ಲ."

"ಯಾಕೆ ಹಾಗ್ಮಾಡ್ದೆ?"

"ಗಲೀಜು ಬಾಯಿಯವಳ ಮಗಳು ಅಂತ ನಿನ್ನ ಅಂದ್ಕೋಬಾರ್ದು ಅಂತ. ಹಿಂದೆ ಬಿಟ್ಟಿದ್ನಲ್ಲೇ ಮರಿ, ನಿಂಗೆ ಅಂತಾನೇ ಬಿಟ್ಟಿದ್ದೆ."

ಮಗಳು ಅವಳ ಕತ್ತಿನ ಸುತ್ತಲಿದ್ದ ಕಾಗದದ ಬಟ್ಟೆ ಬಿಚ್ಚಿದಳು. ಅಷ್ಟರಲ್ಲಿ ಯೋಜನೆಯ ಮೇಡಂ ಬಂದರು. ದನಿ ತಗ್ಗಿಸಿ ಹೇಳಿದರು, "ಎರಡನೇ ತಂಡದವರನ್ನ ಇನ್ನು ಸ್ವಲ್ಪ ಹೊತ್ತಿಗೆ ಕರೀತಾರೆ. ಅಷ್ಟರಲ್ಲಿ ಬೇರೆ ಯಾರಾದ್ರೂ ಸಿಕ್ಕಿದ್ರೆ ಸೇರಿಸ್ತೀನಿ. ಇಲ್ಲಾಂದ್ರೆ ಮುಂದಿನ ವರ್ಷ. ಮುಂದಿನ ವರ್ಷಕ್ಕೆ ಯೋಜನೆ ನೆರವು ಇರಲ್ಲಮ್ಮ, ಗೊತ್ತಲ್ಲ ನಿಂಗೆ. ಮಕ್ಕಳ ಆಸ್ಪತ್ರೆಯವರೂ ಕಾಯಲ್ಲ."

ಬೇರೆಯವರಿಗೆ ಈ ಚಿಂತೆ ಇರಲಿಲ್ಲ. ಒಬ್ಬ ಚಿಕ್ಕಪ್ಪನ ಅಂಗಡಿಯ ಆಳನ್ನು ಕರೆತಂದಿದ್ದ, ಒಬ್ಬಳು ಅಪ್ಪನ ಡ್ರೈವರನ್ನು. ಇನ್ನೊಬ್ಬಳು ಯಾವುದಕ್ಕೂ ಇರಲಿ ಎಂದು ಇಬ್ಬರನ್ನು ತಂದು ಕೂರಿಸಿದ್ದಳು. ಮಗಳು ಅವಳ ಹತ್ತಿರ ಹೋಗಿ ಕೇಳಿ ಬಂದಳು. "ಸಾರಿ ಕಣೇ, ನಂದು ರಿಜೆಕ್ಟ್ ಆದ್ರೆ?" ಎಂದಳಂತೆ. ಮಗಳು ಫೋನು ಹಿಡಿದು ಮೂಲೆಗೆ ಹೋದಳು. ಅವರ ಜನ ಈ ಹೊತ್ತಿನಲ್ಲಿ ಯಾರು ಫೋನು ಎತ್ತುತ್ತಾರೆ? ಎಲ್ಲರ ಕೈಯೂ ಯಾರದೋ ಮನೆಯ ನೀರಿನಲ್ಲಿರುತ್ತದೆ.

ಮಹಡಿಯಕ್ಕ ಹೊರಗೆ ಬಂದು ಗೋಡೆ ಹಿಡಿದು ನಿಂತಳು. ಕೋಣೆಗಳ ನಡುವಿನ ಉದ್ದನೆಯ ಓಣಿಯ ಆ ತುದಿಯಲ್ಲಿ ಒಬ್ಬಳು ನೆಲ ಒರೆಸುತ್ತಿದ್ದಳು. ಬಕೆಟ್ಟಿನ ಗಾಲಿ ಸಿಕ್ಕಿಕೊಂಡು ನೀರು ಚೆಲ್ಲಿತು. ಅವಳು ಬಕೆಟ್ಟಿಗೆ ಬೈದಳು, ಅದರ ಅಪ್ಪನಿಗೆ ಬೈದಳು, ಅದನ್ನು ಕೊಂಡು ತಂದವನಿಗೂ ಬೈದಳು. ಬೈದದ್ದು ಮಹಡಿಯಕ್ಕನ ಮನೆಮಾತಿನಲ್ಲಿ.

ಮಹಡಿಯಕ್ಕ ಹತ್ತಿರ ಹೋಗಿ ಅದೇ ಮಾತಿನಲ್ಲಿ ಹೇಳಿದಳು, "ಗಾಲಿಗೆ ಕೂದಲು ಸುತ್ಕೊಂಡಿರುತ್ತೆ. ಪಿನ್ನಲ್ಲಿ ಎಳೆದ್ರೆ ಬರುತ್ತೆ."

ಅವಳು ಬೆಚ್ಚಿ ತಿರುಗಿದಳು. "ಅಯ್ಯೋ, ನಮ್ಮೋರಾ ನೀವು! ಬೈದದ್ದೆಲ್ಲ ಕೇಳಿಸ್ಕೊಂಡ್ರಾ?" ಎಂದು ನಕ್ಕಳು. ನಗುವಾಗ ಬಾಯಿಗೆ ಕೈ ಅಡ್ಡ ಬಂತು.

ಮಹಡಿಯಕ್ಕ ಆ ಕೈಯನ್ನೇ ನೋಡಿದಳು.

"ತಂಗೀ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ಹಲ್ಲು ಕ್ಲೀನ್ ಮಾಡಿಸಿ ಎಷ್ಟು ವರ್ಷ ಆಯ್ತು?"

"ಹಲ್ಲನ್ನ ಮಾಡಿಸ್ತಾರಾ ಯಾರಾದ್ರೂ? ನೆಲ ಮಾಡೋಷ್ಟರಲ್ಲೇ ನನ್ನ ಆಯಸ್ಸು ಮುಗೀತು."

ಮಹಡಿಯಕ್ಕ ಎಲ್ಲ ಹೇಳಿದಳು: ಮಗಳು, ಪರೀಕ್ಷೆ, ತಾನು ಬಚ್ಚಲಿನಲ್ಲಿ ಮಾಡಿದ್ದು. ಪಿನ್ನಿನ ಮಾತು ಬಂದಾಗ ಕೇಳುತ್ತಿದ್ದವಳು "ಹಾಂ!" ಎಂದು ತನ್ನ ಕೆನ್ನೆಯನ್ನೇ ಹಿಡಿದುಕೊಂಡಳು. ಆದರೆ ನಗಲಿಲ್ಲ. "ನಾನೂ ಹಂಗೇ ಮಾಡ್ತಿದ್ದೆ ಅಕ್ಕಾ," ಎಂದಳು.

"ಹಾಗಾದ್ರೆ ಬಾ. ಬಿಟ್ಟಿಯಾಗಿ ಮಾಡ್ತಾರೆ. ನನ್ನ ಮಗಳ ಕೈ ಹಗುರ."

"ನೀವು ಚೆನ್ನಾಗಿ ಹೇಳ್ತೀರಿ. ಈ ಓಣಿ ಯಾರು ಒರೆಸ್ತಾರೆ? ಸೂಪರ್‌ವೈಸರ್ ಬರೋ ಹೊತ್ತಿಗೆ ಮುಗಿದಿರಬೇಕು. ಮೆಟ್ಟಿಲು ಬೇರೆ ಬಾಕಿ."

"ನಾನು ಒರೆಸ್ತೀನಿ."

"ನೀವಾ? ಈ ಬಟ್ಟೆ ಹಾಕ್ಕೊಂಡು?"

"ಬಟ್ಟೆ ಕೊಳೆ ಒಗೆದ್ರೆ ಹೋಗುತ್ತೆ. ಮಾಪು ಕೊಡು ಇಲ್ಲಿ."

ಅವಳು ಇನ್ನೂ ಅನುಮಾನಿಸಿದಳು. "ಎಲ್ರೂ ನೋಡ್ತಾರಲ್ಲಕ್ಕಾ, ನನ್ನ ಬಾಯಿ..."

ಮಹಡಿಯಕ್ಕ ಮಾಪಿನ ಕೋಲನ್ನು ಅವಳ ಕೈಯಿಂದ ಬಿಡಿಸಿಕೊಂಡಳು. "ನೋಡ್ಲಿ. ನಾವು ಅವರ ಬಚ್ಚಲು ನೋಡಿಲ್ವಾ?"

ಈ ಸಲ ಅವಳು ಬಾಯಿತುಂಬ ನಕ್ಕಳು. ಏಪ್ರನ್ನು ಬಿಚ್ಚಿ ಮಹಡಿಯಕ್ಕನ ಸೊಂಟಕ್ಕೆ ತಾನೇ ಕಟ್ಟಿದಳು. ಮಹಡಿಯಕ್ಕ ಕೂಗಿದ ಕೂಡಲೇ ಮಗಳು ಓಡಿ ಬಂದು ಆ ತಂಗಿಯನ್ನು ಕೈಹಿಡಿದು ಕರೆದೊಯ್ದಳು. ರಕ್ತದೊತ್ತಡ ನೋಡಿದರು, ಬಾಯಿ ನೋಡಿದರು. ಬಾಗಿಲ ಸಂದಿಯಿಂದ ಮಹಡಿಯಕ್ಕನಿಗೆ ಕಂಡದ್ದು ಪರೀಕ್ಷಕರ ತಲೆ ಮಾತ್ರ. ಅದು ಮೇಲೆ ಕೆಳಗೆ ಆಡಿತು. ಬಾಗಿಲು ಮುಚ್ಚಿತು.

ಇನ್ನು ಅವಳಿಗೆ ಉಳಿದದ್ದು ಓಣಿ. ಮೊದಲು ಮಾಪನ್ನೇ ತೊಳೆದಳು, ಅದು ತೊಳೆಯಬೇಕಾದ ಸ್ಥಿತಿಯಲ್ಲೇ ಇತ್ತು. ಒಂದು ತುದಿಯಿಂದ ಹಿಡಿದಳು. ವಿದ್ಯಾರ್ಥಿಗಳು ಹೋದರು, ಬಂದರು. ಒಬ್ಬ ಫೋನಿನಿಂದ ತಲೆಯೆತ್ತದೆ "ಆಂಟಿ, ಅಲ್ಲಿ ಏನೋ ಚೆಲ್ಲಿದೆ ನೋಡಿ," ಎಂದ. ಪರೀಕ್ಷಕರು ಚಹಾಕ್ಕೆಂದು ಹೊರಬಂದು, ಒದ್ದೆ ತಪ್ಪಿಸಿ, ಅವಳ ಪಕ್ಕದಲ್ಲೇ ದಾಟಿದರು. ಇದೇ ಬೆಳಿಗ್ಗೆ ಇವಳ ಬಾಯೊಳಗೆ ದೀಪ ಹಿಡಿದವರು. ಮುಖದ ಗುರುತು ಹತ್ತಲಿಲ್ಲ. ಅವಳಿಗೂ ಅದರ ಪರಿವೆ ಇರಲಿಲ್ಲ. ಒಳಗೆ ಹಲ್ಲಿಗೆ ಲೋಹ ತಗುಲುವ ಸಣ್ಣ ಸದ್ದು ಬರುತ್ತಿದೆಯೇ ಎಂದು ಕಿವಿಗೊಟ್ಟು, ಮೆಟ್ಟಿಲು ಮುಗಿಸಿ, ಮತ್ತೆ ಓಣಿಗೆ ಬಂದು, ಒಮ್ಮೆ ಒರೆಸಿದ್ದನ್ನೇ ಇನ್ನೊಮ್ಮೆ ಒರೆಸತೊಡಗಿದಳು. ಕೈಗೆ ಕೆಲಸವಿದ್ದರೆ ಎದೆ ಸ್ವಲ್ಪ ಸುಮ್ಮನಿರುತ್ತದೆ.

ಬಾಗಿಲು ತೆರೆದಾಗ ಮೊದಲು ಬಂದವಳು ನೆಲ ಒರೆಸುವ ತಂಗಿ. ನಾಲಿಗೆಯನ್ನು ಬಾಯೊಳಗೆಲ್ಲ ಆಡಿಸಿಕೊಂಡು ಬಂದಳು, ಹೊಸ ಮನೆಯಲ್ಲಿ ಕೋಣೆ ಕೋಣೆ ನೋಡುವವರ ಹಾಗೆ.

"ಅಕ್ಕಾ, ಇದು ನನ್ನ ಬಾಯೇನಾ? ಸಂದಿ ಸಂದೀಲಿ ಗಾಳಿ ಹೋಗ್ತಿದೆ. ನಿಮ್ಮ ಮಗಳು ಒಂದೊಂದು ಸಲಾನೂ 'ನೋವಾಗ್ತಿದ್ಯಾ, ನಿಲ್ಲಿಸ್ಲಾ' ಅಂತ ಕೇಳಿದ್ಲು. ನಂಗೆ ಹಂಗೆ ಯಾರೂ..." ಅವಳು ನೆಲ ನೋಡಿದಳು, ಮೆಟ್ಟಿಲು ನೋಡಿದಳು. "ಅಯ್ಯೋ ದೇವರೇ, ಇಷ್ಟು ಚೆನ್ನಾಗಿ ಮಾಡಿದ್ರೆ ನಾಳೆಯಿಂದ ಇದೇ ಥರ ಕೇಳ್ತಾರೆ ನನ್ನ! ಕೊಡಿ ಇಲ್ಲಿ ಮಾಪು."

"ಸ್ವಲ್ಪ ಕೂತ್ಕೋ. ಈಗ ತಾನೇ ಎದ್ದು ಬಂದಿದೀಯ."

"ಕೂತು ಅಭ್ಯಾಸ ಆಗೋದ್ರೆ?" ಎಂದಳಾದರೂ ಕೂತಳು.

ಅವಳ ಹಿಂದೆಯೇ ಮಗಳು ಬಾಗಿಲಲ್ಲಿ ಕಂಡಳು. ಮುಖವಸ್ತ್ರ ಗದ್ದಕ್ಕೆ ಇಳಿದಿತ್ತು, ಮೂಗಿನ ಮೇಲೆ ಅದರ ಗೆರೆ ಮೂಡಿತ್ತು.

"ಒಂದು ಚೂರೂ ಉಳಿದಿಲ್ಲ ಅಂದ್ರಮ್ಮಾ. ಕನ್ನಡಿ ಹಾಕಿ, ಗಾಳಿ ಊದಿ, ಎರಡು ಸಲ ನೋಡಿದ್ರು."

"ಅಂದ್ರೆ?"

"ಅಂದ್ರೆ ಪಾಸು."

ಮಗಳು ತನ್ನ ಕಡೆಗೆ ಹೆಜ್ಜೆ ಇಟ್ಟದ್ದು ಕಂಡು ಮಹಡಿಯಕ್ಕ ಬಾಯಿಗೆ ಬಂದದ್ದು ಅಂದಳು:

"ಒದ್ದೆ ಇದೆ ಮರಿ, ಗೋಡೆ ಪಕ್ಕದಿಂದ ಬಾ."

ಮಗಳು ಗೋಡೆಯ ಪಕ್ಕದಿಂದ ಬರಲಿಲ್ಲ. ಒದ್ದೆ ನೆಲದ ನಟ್ಟನಡುವೆ, ಹೆಜ್ಜೆಯ ಗುರುತು ಮೂಡಿಸುತ್ತ, ನೇರ ನಡೆದು ಬಂದು ಅಮ್ಮನನ್ನು ತಬ್ಬಿಕೊಂಡಳು.