ಲಂಗದ ಗಂಟಿನಲ್ಲಿದ್ದ ಬೆಲ್ಲ

ಇವತ್ತು ಹೋಳಿಗೆಗೆಂದು ಬೆಲ್ಲ ಕರಗಿಸುತ್ತಿದ್ದೆ. ವಾಸನೆ ಮೂಗಿಗೆ ಬಡಿದದ್ದೇ ತಡ, ಚಿಕ್ಕಂದಿನ ಆ ದಿನ ಕಣ್ಣ ಮುಂದೆ ಬಂತು.

ಆಗ ಅಪ್ಪ ದರೋಜಿ ಕರಡಿಧಾಮದಲ್ಲಿ ದಿನಗೂಲಿಗಿದ್ದ. ಮಧ್ಯಾಹ್ನ ಬಂಡೆಗಳಿಗೆ ಬೆಲ್ಲದ ಪಾಕ ಬಳಿಯುವುದು ಅವನ ಕೆಲಸ. ಸಂಜೆ ಅದನ್ನು ನೆಕ್ಕಲು ಬರುವ ಕರಡಿಗಳನ್ನು ಪ್ರವಾಸಿಗರು ದೂರದ ಗೋಪುರದಿಂದ ನೋಡುತ್ತಿದ್ದರು. ರಜೆಯ ಒಂದು ದಿನ ಹಟ ಹಿಡಿದು ಅವನ ಜೊತೆ ಇಲಾಖೆಯ ಜೀಪಿನಲ್ಲಿ ಹೋದೆ. ಅಪ್ಪ ಬಂಡೆಯ ಮೇಲಿನ ಕೆಂಪು ಗಣಿಧೂಳು ಒರೆಸುವಾಗ, ಬಕೆಟ್ಟಿನಲ್ಲಿ ಕರಗದೆ ಉಳಿದಿದ್ದ ಬೆಲ್ಲದ ಉಂಡೆಯೊಂದನ್ನು ಕದ್ದು ಲಂಗದ ಅಂಚಿಗೆ ಗಂಟು ಹಾಕಿಕೊಂಡೆ.

ಅಷ್ಟರಲ್ಲಿ ಸಂಡೂರು ಗುಡ್ಡದ ಕಡೆ ಗಣಿಯ ಸಿಡಿಮದ್ದು ಗುಡುಗಿತು. ಬೆದರಿದ ಕರಡಿಯೊಂದು ಹೊತ್ತಿಗೆ ಮುಂಚೆಯೇ ಪೊದೆಯಿಂದ ಹೊರಬಿತ್ತು. ಮೂತಿ ಎತ್ತಿ ಗಾಳಿ ಮೂಸಿತು. ಪಾಕ ಬಳಿದ ಬಂಡೆ ಬಿಟ್ಟು ನಮ್ಮತ್ತ ಬಂತು.

"ಓಡಬ್ಯಾಡ. ನಿನ್ನ ಹತ್ರ ಬೆಲ್ಲ ಐತೇನವ್ವಾ?" ಅಪ್ಪ ಪಿಸುಗುಟ್ಟಿದ.

ಇಲ್ಲ ಎಂದು ತಲೆಯಾಡಿಸಿದೆ. ಕರಡಿಗಿಂತ ಅಪ್ಪನ ಕೈಯೇಟಿಗೇ ಹೆದರಿದ್ದೆ. ಕರಡಿಯ ಉಸಿರಿನ ಗೊರಗೊರ ಕೇಳಿಸಿತು. ಲಂಗ ಒದ್ದೆಯಾಯಿತು.

"ಹಂಗಾದ್ರ ನನ್ನ ಅಂಗಿ ವಾಸನೀನ ಇರಬೇಕು." ಅಪ್ಪ ಅಂಗಿ ಬಿಚ್ಚಿ ಎಸೆದ. ಕರಡಿ ಅದನ್ನು ಚಿಂದಿ ಮಾಡುತ್ತಿರುವಾಗ ನನ್ನನ್ನು ಬೆನ್ನ ಹಿಂದೆ ಮರೆಮಾಡಿ, ಒಂದೊಂದೇ ಹೆಜ್ಜೆ ಹಿಂದೆ ಸರಿದು ಜೀಪು ಹತ್ತಿಸಿದ.

ಇವತ್ತು ಅಪ್ಪ ಪಡಸಾಲೆಯಲ್ಲಿ ಕೂತು ನನ್ನ ಮಗಳಿಗೂ ಅದೇ ಕಥೆ ಹೇಳುತ್ತಿದ್ದ. "ತಪ್ಪು ನಂದವ್ವಾ. ಅಂಗಿಗೆ ಬೆಲ್ಲ ಮೆತ್ತಿತ್ತು."

ಮಗಳು ಒಳಗೆ ಓಡಿ ಬಂದಳು. "ಅವ್ವಾ, ನಿನ್ನ ಹತ್ರ ಬೆಲ್ಲ ಇರ್ಲಿಲ್ಲೇನು?"

ಅಪ್ಪ ಅವಳ ಹಿಂದೆಯೇ ಬಂದು ಬಾಗಿಲಲ್ಲಿ ನಿಂತಿದ್ದ. ಇಲ್ಲ ಎಂದು ತಲೆಯಾಡಿಸಿದೆ.