ಬಾಗಿಲು ಕಟ್ಟಿ ಕೇಳಿದ ಯುದ್ಧ

ನಾನು ಓದಿದ್ದು ಮೂರನೇ ಕ್ಲಾಸು. ಅಮೆರಿಕ ಯಾವ ದಿಕ್ಕಿಗಿದೆ ಎಂದು ಕೇಳಿದರೆ ಇವತ್ತಿಗೂ ಹೇಳಲಾರೆ. ಆದರೆ ಆ ದೇಶದವರ ಯುದ್ಧಗಳೆಲ್ಲ ನನ್ನ ಕಿವಿಗೆ ಬಿದ್ದಿವೆ.

ನನ್ನ ಗಂಡ ದಾವಣಗೆರೆಯ ಹತ್ತಿ ಗಿರಣಿಯಲ್ಲಿ ಗುಮಾಸ್ತ. ನನ್ನ ತಂಗಿಯನ್ನು ಕೊಡಲು ಗೊತ್ತಾಗಿದ್ದ ಹರಿಹರದ ಮನೆಯ ಹಿರಿಮಗ, ಮದುಮಗನ ಅಣ್ಣ, ಶಾಲೆ ಮಾಸ್ತರ. ವಾಚನಾಲಯಕ್ಕೆ ಪುಕ್ಕಟೆ ಬರುತ್ತಿದ್ದ ಅಮೆರಿಕದ ಚಿತ್ರಪತ್ರಿಕೆಯ ಹುಚ್ಚು ಇಬ್ಬರಿಗೂ ಇತ್ತು. ಮದುವೆ ಮಾತುಕತೆಗೆ ಕೂತರೂ ಒಬ್ಬರನ್ನೊಬ್ಬರು ಕೆಣಕುವುದು ಬಿಡಲಿಲ್ಲ. ಕೇಳುವವರಿಗೆ ಇಬ್ಬರೂ ಅಮೆರಿಕದ ಸೈನ್ಯದಲ್ಲಿ ದುಡಿದು ಬಂದವರೆಂದೇ ಅನಿಸಬೇಕು.

ಮದುವೆಯ ದಿನ ಹರಿಹರದ ದಿಬ್ಬಣ ನಮ್ಮ ತವರಿನ ಬಾಗಿಲಿಗೆ ಬಂತು. ನಮ್ಮಲ್ಲಿ ಬೀಗರನ್ನು ಹೊಸ್ತಿಲಲ್ಲೇ ತಡೆದು ಒಗಟು ಕೇಳುತ್ತಾರೆ. ಅವರೂ ತಿರುಗಿ ಕೇಳಬಹುದು. ಉತ್ತರ ಬಾರದವರು ಸೋತಂತೆ, ಗೆದ್ದವರ ಮಾತು ನಡೆಯಬೇಕು. ಹೆಂಗಸರ ಆಟ ಅದು. ಅವತ್ತು ನನ್ನ ಗಂಡ, ಮಾಸ್ತರ ಇಬ್ಬರೂ ನಡುವೆ ನುಗ್ಗಿದರು.

"ಮಾಸ್ತರ, ಅಮೆರಿಕದ ಉತ್ತರದವ್ರು ದಕ್ಷಿಣದವ್ರು ಹೊಡೆದಾಡಿದ್ದು ಯಾಕ್ರಿ?"

"ಗುಲಾಮರ ಸಲುವಾಗಿ. ಗಟ್ಟಿ ಇರೋದು ಕೇಳ್ರಿ ಗುಮಾಸ್ತರ, ಇದು ನಮ್ಮ ಸಾಲಿ ಹುಡುಗ್ರಿಗೂ ಬರ್ತೈತೆ."

"ಹಂಗಾದ್ರ ತಗೊಳ್ರಿ. ಚೀನಾಕ್ಕ ಹೋಗಾಕ ಅಮೆರಿಕದ ಸೈನ್ಯ ಬರ್ಮಾದ ಕಾಡಿನಾಗ ರಸ್ತೆ ಕಡಿಸ್ತಲ್ಲ, ಅದು ಶುರುವಾಗಿದ್ದು ಎಲ್ಲಿಂದ?"

"ಅಸ್ಸಾಮಿನಿಂದ!" ಮಾಸ್ತರ ಎದೆ ಉಬ್ಬಿಸಿದರು. "ಇನ್ನೂ ಹೇಳ್ತೀನಿ ಕೇಳ್ರಿ. ಮಳಿ, ಮಲೇರಿಯಾ, ಗುಡ್ಡ ಕುಸಿತ. ನಮ್ಮ ಕಡೆಯಿಂದ ಹೋದ ಕೂಲಿಗಳು ಸಾಲುಸಾಲು ಸತ್ರು. ಎಷ್ಟೋ ಮಂದಿ ಹೆಸರು ಸುದ್ದಾ ಬರಕೊಳ್ಳಲಿಲ್ಲ."

ಆರತಿ ತಟ್ಟೆ ಹಿಡಿದು ಎದುರಿಗೆ ನಿಂತಿದ್ದವಳು ನನ್ನ ಅತ್ತಿಗೆ. ಅವಳ ಗಂಡ, ನನ್ನಣ್ಣ, ಎರಡನೇ ಮಹಾಯುದ್ಧದ ಕಾಲದಲ್ಲಿ ಅದೇ ರಸ್ತೆ ಕೆಲಸಕ್ಕೆ ಹೋದವನು. ಆಮೇಲೆ ಸುದ್ದಿ ಇಲ್ಲ. ಸತ್ತ ಎಂದು ಯಾರೂ ಹೇಳಿರಲಿಲ್ಲವಾದ್ದರಿಂದ ಅತ್ತಿಗೆ ಕುಂಕುಮ ಇಡುತ್ತಿದ್ದಳು, ಹಿರಿಸೊಸೆಯಾಗಿ ಆರತಿ ಎತ್ತುತ್ತಿದ್ದಳು. ನನ್ನ ಗಂಡನಿಗೆ ಇದೆಲ್ಲ ಗೊತ್ತಿತ್ತು. ಗೆಲ್ಲುವ ಆಸೆಯಲ್ಲಿ ಮರೆತರು.

ಮದುಮಗನ ಸೋದರತ್ತೆಗೂ ಗೊತ್ತಿತ್ತು. ಆಕೆ ಮರೆಯಲಿಲ್ಲ.

"ಈಕಿ ಗಂಡ ಹೋಗಿದ್ದೂ ಅಲ್ಲಿಗೇ ಅಲ್ಲೇನ್ರಿ? ಇದ್ದಾನೋ ಇಲ್ಲೋ ತಿಳೀದಾಕಿ ಕೈಲಿ ನಮ್ಮ ಹುಡುಗಗ ಆರತಿ ಬ್ಯಾಡ. ತಟ್ಟಿ ಬ್ಯಾರೇರಿಗೆ ಕೊಡ್ರಿ."

ವಾಲಗದವರೂ ನಿಲ್ಲಿಸಿದರು. ಆ ತಟ್ಟೆ ಒಮ್ಮೆ ಕೈಬಿಟ್ಟರೆ ನಾಳೆ ಬಳೆ, ನಾಡಿದ್ದು ತಾಳಿ. ಅದು ನಮ್ಮೆಲ್ಲರಿಗೂ ತಿಳಿದಿತ್ತು. ಅತ್ತಿಗೆ ತಟ್ಟೆ ಕೊಡಲಿಲ್ಲ. ಮಾಸ್ತರನ್ನೇ ನೋಡಿದಳು.

"ನಂದೂ ಒಂದು ಐತ್ರಿ ಅಣ್ಣಾರ. ಹೆಸರು ಬರಕೊಳ್ಳದ ಮಂದಿ ಸತ್ರಂತ ಯಾರು ಹೇಳಿದ್ರು?"

ಮಾಸ್ತರ ಅಷ್ಟು ಹೊತ್ತು ಉಬ್ಬಿದ್ದ ಎದೆ ಇಳಿದಿತ್ತು.

"ಗೊತ್ತಿಲ್ಲ ತಂಗಿ," ಎಂದರು.

ಆಗ ನನ್ನವ್ವ ಮುಂದೆ ಬಂದಳು. "ಬೀಗರು ಸೋತ್ರು. ಒಳಗ ಬರಬೇಕಂದ್ರ ನಮ್ಮ ಸೊಸಿ ಆರತಿ ಎತ್ತಬೇಕು. ಇಲ್ಲಂದ್ರ ಹರಿಹರದ ಬಸ್ಸು ಇನ್ನೂ ಐತೆ."

ಸೋದರತ್ತೆ ಗೊಣಗಿದಳು. ಮಾಸ್ತರ ತಾವೇ ತಮ್ಮನ ಹೆಗಲು ಹಿಡಿದು ಅತ್ತಿಗೆಯ ಮುಂದೆ ನಿಲ್ಲಿಸಿದರು. ಅತ್ತಿಗೆ ಆರತಿ ಎತ್ತಿದಳು. ದಿಬ್ಬಣ ಒಳಗೆ ಬಂತು.

ಮಗ ಸತ್ತನೆಂದು ನನ್ನವ್ವನಿಗೆ ಎಂದೋ ಗೊತ್ತಾಗಿತ್ತು ಎಂದೇ ನನ್ನ ನಂಬಿಕೆ. ನಾನು ಕೇಳಲಿಲ್ಲ. ಕೇಳಿದ್ದರೆ ಉತ್ತರ ಬರುತ್ತಿತ್ತು, ಆ ಉತ್ತರ ಇಟ್ಟುಕೊಂಡು ಅತ್ತಿಗೆ ಏನು ಮಾಡಬೇಕಿತ್ತು? ಅವಳು ಸಾಯುವವರೆಗೂ ಕುಂಕುಮ ಇಟ್ಟಳು. ಬೀಗರಿಬ್ಬರೂ ಆಮೇಲೂ ಸಿಕ್ಕಾಗಲೆಲ್ಲ ಅಮೆರಿಕದ ಯುದ್ಧಗಳ ಪ್ರಶ್ನೆ ಹಾಕಿ ಕೆಣಕಿಕೊಂಡರು. ಬರ್ಮಾದ ರಸ್ತೆಯ ಮಾತು ಮಾತ್ರ ಇಬ್ಬರೂ ಎತ್ತಲಿಲ್ಲ.