ಮೊದಲು ಓದಿದವರು

ನನ್ನ ತಮ್ಮ ಬರೆದದ್ದನ್ನು ನಾನು ಓದಲಿಲ್ಲ. ಓದಿದೆ ಅಂದೆ. ಒಂದು ಸಲವಲ್ಲ, ಹನ್ನೊಂದು ಸಲ.

ಹೆಬ್ಬಗೋಡಿಯ ಬಾಡಿಗೆ ರೂಮಿನಲ್ಲಿ ನಾವಿಬ್ಬರೇ. ನಾನು ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ಕಾಲರ್ ಹೊಲಿಯುತ್ತೇನೆ. ಅವನು ಐಟಿಐ ಮುಗಿಸಿ ಲೇತ್ ಕೆಲಸಕ್ಕೆ ಹೋಗುತ್ತಾನೆ. ಒಂದು ಭಾನುವಾರ ಹಳೇ ಲ್ಯಾಪ್‌ಟಾಪನ್ನು ಅಕ್ಕಿ ಡಬ್ಬದ ಮೇಲಿಟ್ಟುಕೊಂಡು ಬ್ಲಾಗ್ ಮಾಡಲು ಕೂತ. ಬರೆದದ್ದನ್ನು ಸಾದಾ ಫೈಲಾಗಿ ಇಟ್ಟು ಒಂದು ಸಾಲು ಟೈಪ್ ಮಾಡಿದರೆ, ಪುಕ್ಕಟೆ ಸಾಫ್ಟ್‌ವೇರೊಂದು ಎಲ್ಲವನ್ನೂ ಪುಟಗಳಾಗಿ ಜೋಡಿಸಿಕೊಡುತ್ತದಂತೆ. ಪುಟದ ಕೊನೆಯ ಸಾಲನ್ನು ಒಂದೇ ಕಡೆ ಬರೆದರೆ ಸಾಕು, ಎಲ್ಲ ಪುಟದಲ್ಲೂ ತಾನೇ ಬಂದು ಕೂರುತ್ತದಂತೆ.

"ಈ ಪುಟಗಳು ತುಂಬಾ ಹಗುರ ಅಕ್ಕ. ನಿನ್ನ ಡಬ್ಬಾ ಫೋನಲ್ಲೂ ಟಕ್ ಅಂತ ಓಪನ್ ಆಗುತ್ತೆ."

"ನನ್ನ ಫೋನಿನ ಸುದ್ದಿಗೆ ಬರಬೇಡ."

ಮೊದಲ ಪುಟ ಕಾಣಿಸಿದ್ದೇ ತಡ, ಎದ್ದು ಕುಣಿದ. ಬಟ್ಟೆಯ ಹಗ್ಗಕ್ಕೆ ತಲೆ ತಾಗಿ ನನ್ನ ಸೀರೆ ಅವನ ಮೇಲೆ ಬಿತ್ತು. ಸೀರೆಯೊಳಗಿಂದಲೇ ಹೇಳಿದ: "ಇನ್ಮೇಲೆ ಪ್ರತಿಯೊಂದನ್ನೂ ನೀನು ಓದಿ 'ಹಾಕು' ಅನ್ಬೇಕು. ಆಮೇಲೇ ಹಾಕ್ತೀನಿ."

ನಾನು ಆರನೇ ಕ್ಲಾಸಿಗೇ ಶಾಲೆ ಬಿಟ್ಟವಳು. ತುಟಿ ಅಲ್ಲಾಡಿಸುತ್ತಾ ಅಕ್ಷರ ಕೂಡಿಸಿ ಓದುವುದನ್ನು ಅವನಿಗೆ ತೋರಿಸಲು ನಾಚಿಕೆ. ಪರದೆಯ ಮೇಲೆ ಕಣ್ಣಾಡಿಸಿ, ಸ್ವಲ್ಪ ಹೊತ್ತು ಬಿಟ್ಟು, "ಚೆನ್ನಾಗಿದೆ, ಹಾಕು" ಅನ್ನುತ್ತಿದ್ದೆ. ಅವನ ಮುಖ ಅರಳುತ್ತಿತ್ತು. ಜಂಬದಿಂದ ಆ ಲಿಂಕನ್ನು ಗಾರ್ಮೆಂಟ್ಸ್‌ನ ನಮ್ಮ ಹೊಲಿಗೆ ಲೈನಿನ ಹೆಂಗಸರಿಗೆಲ್ಲ ಕಳಿಸಿದ್ದವಳೂ ನಾನೇ.

ಹನ್ನೊಂದನೆಯ ಬರಹ ಹಾಕಿದ ಮಾರನೆಯ ದಿನ, ಊಟದ ಹೊತ್ತಿನಲ್ಲಿ, ಪಕ್ಕದ ಮಿಷನ್ನಿನವಳು ಅದನ್ನು ಜೋರಾಗಿ ಓದತೊಡಗಿದಳು. ನಾನು ನಿದ್ದೆಯಲ್ಲೂ ಹೊಲಿಯುತ್ತೇನಂತೆ! ಕಂಬಳಿಯ ಅಂಚನ್ನು ಎರಡೂ ಕೈಯಲ್ಲಿ ಮುಂದಕ್ಕೆ ತಳ್ಳುತ್ತಾ, ಕಾಲಲ್ಲಿ ಪೆಡಲ್ ಒತ್ತುತ್ತಾ, "ಪೀಸ್ ಕೊಡ್ರೇ" ಎಂದು ಕೂಗುತ್ತೇನಂತೆ.

"ಏನಕ್ಕಾ, ನಿದ್ದೇಲೂ ಓವರ್‌ಟೈಮಾ?"

"ಸೂಪರ್‌ವೈಸರ್‌ಗೆ ಹೇಳ್ಬೇಡ್ರೇ, ಪೀಸ್ ಬಂಡಲ್ ಮನೆಗೇ ಕಳಿಸ್ಬಿಡ್ತಾನೆ!"

ನಗು ತಡೆಯಲಾರದೆ ನನಗೂ ಅನ್ನ ನೆತ್ತಿಗೇರಿತು. ಆದರೂ ಸಂಜೆ ಬಾಗಿಲಲ್ಲೇ ಅವನನ್ನು ಹಿಡಿದುಕೊಂಡೆ.

"ನನ್ನ ಮಾನ ಕಳೀತೀಯೇನೋ? ಅದನ್ನ ಹಾಕಕ್ಕೆ ಯಾರೋ ಹೇಳಿದ್ದು?"

"ನೀನೇ ತಾನೇ ಹಾಕು ಅಂದಿದ್ದು!" ಎಂದವನು ನಗು ನಿಲ್ಲಿಸಿ ನನ್ನ ಮುಖ ನೋಡಿದ. "ನೀನು ಓದಿದ್ದೆ ತಾನೆ?"

"ಓದಿದ್ದೆ. ಮರೆತೋಯ್ತು."

ಅವನು ಒಳಗೆ ಹೋಗಿ ಟೀಗೆ ನೀರಿಟ್ಟ. ನಾನು ಫೋನ್ ಹಿಡಿದು ಮೆಟ್ಟಿಲ ಮೇಲೆ ಹೋಗಿ ಕೂತೆ. ನಿಜವಾಗಿಯೂ ಟಕ್ ಅಂತಲೇ ತೆರೆಯಿತು. ಓದಿ ಮುಗಿಸಲು ಮಾತ್ರ ಅರ್ಧ ಗಂಟೆ ಹಿಡಿಯಿತು. ಮಿಷನ್ನಿನವಳು ಓದದೆ ಬಿಟ್ಟಿದ್ದ ಕೊನೆಯಲ್ಲಿ ಹೀಗಿತ್ತು: ಅಕ್ಕನ ಪಾದದ ಮೇಲೆ ಕೈ ಇಟ್ಟರೆ ಪೆಡಲ್ ನಿಲ್ಲುತ್ತದೆ, ಮತ್ತೆ ಹಾಯಾಗಿ ಮಲಗುತ್ತಾಳೆ. ಅದರ ಕೆಳಗೆ ಇನ್ನೊಂದು ಸಾಲು: 'ಮೊದಲು ಓದಿದವರು: ನನ್ನಕ್ಕ.'

ಬೇರೆ ಪುಟಗಳನ್ನೂ ತೆರೆದೆ. ಹನ್ನೊಂದೂ ಪುಟಗಳ ಕೊನೆಯಲ್ಲಿ ಅದೇ ಸಾಲು ಬಂದು ಕೂತಿತ್ತು.

ಒಳಗೆ ಹೋದೆ. ಅವನು ನನ್ನ ಲೋಟಕ್ಕೆ ಟೀ ಸೋಸುತ್ತಿದ್ದ.

"ತಪ್ಪಾಯ್ತು ಕಣೋ. ಒಂದನ್ನೂ ಓದಿರ್ಲಿಲ್ಲ. ನಿಧಾನಕ್ಕೆ ಓದೋದು ನಿಂಗೆ ಗೊತ್ತಾಗುತ್ತೆ ಅಂತ ಸುಳ್ಳು ಹೇಳ್ದೆ."